ಜೀನ್ ರಾಬಿನ್ಸನ್

ವಿಕಿ ಜೀನ್ ರಾಬಿನ್ಸನ್ (ಜನನ: ಮೇ 29, 1947) ಅಮೆರಿಕದ ಎಪಿಸ್ಕೋಪಲ್ ಚರ್ಚಿನ ನಿವೃತ್ತ ಬಿಷಪ್. ಇವರು 2004ರಿಂದ 2013ರವರೆಗೆ ನ್ಯೂ ಹ್ಯಾಂಪ್‌ಶೈರ್ ಧರ್ಮಪ್ರಾಂತ್ಯದ ಒಂಬತ್ತನೆಯ ಬಿಷಪ್ ಆಗಿದ್ದರು. ಸಲಿಂಗಿ ಸಂಗಾತಿಯೊಂದಿಗೆ ಬಹಿರಂಗವಾಗಿ ಬಾಳುತ್ತಿದ್ದ ಪಾದ್ರಿಯೊಬ್ಬರು ಬಿಷಪ್ ಪದವಿಗೆ ಆಯ್ಕೆಯಾದದ್ದು ಜಾಗತಿಕ ಆಂಗ್ಲಿಕನ್ ಒಕ್ಕೂಟದಲ್ಲಿ ಅದೇ ಮೊದಲು. ಈ ಆಯ್ಕೆಯು ಒಕ್ಕೂಟದೊಳಗೆ ತೀವ್ರ ಭಿನ್ನಮತಕ್ಕೆ ಕಾರಣವಾಯಿತು.

ಆರಂಭಿಕ ಜೀವನ

ರಾಬಿನ್ಸನ್ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಬಳಿಯ ಬಡ ಕುಟುಂಬದಲ್ಲಿ ಜನಿಸಿದರು. ತಂದೆತಾಯಿ ಪರರ ಹೊಲದಲ್ಲಿ ಪಾಲಿಗೆ ಹೊಗೆಸೊಪ್ಪು ಬೆಳೆಯುತ್ತಿದ್ದ ರೈತರು. 1969ರಲ್ಲಿ ಸಿವಾನಿಯ ಯೂನಿವರ್ಸಿಟಿ ಆಫ್ ದಿ ಸೌತ್‌ನಿಂದ ಪದವಿಯನ್ನೂ 1973ರಲ್ಲಿ ನ್ಯೂಯಾರ್ಕಿನ ಜನರಲ್ ಥಿಯೊಲಾಜಿಕಲ್ ಸೆಮಿನರಿಯಿಂದ ದೇವತಾಶಾಸ್ತ್ರದ ಪದವಿಯನ್ನೂ ಪಡೆದು, ಅದೇ ವರ್ಷ ಪಾದ್ರಿಯಾಗಿ ದೀಕ್ಷೆ ಹೊಂದಿದರು. 1972ರಲ್ಲಿ ವಿವಾಹವಾದ ಇವರಿಗೆ ಇಬ್ಬರು ಹೆಣ್ಣುಮಕ್ಕಳು. ತಾವು ಸಲಿಂಗಿ ಎಂಬುದನ್ನು ಒಪ್ಪಿಕೊಂಡ ನಂತರ, 1986ರಲ್ಲಿ, ದಂಪತಿಗಳು ಪರಸ್ಪರ ಸಮ್ಮತಿಯಿಂದ ಬೇರ್ಪಟ್ಟು, ಮದುವೆಯ ಉಂಗುರಗಳನ್ನು ಚರ್ಚಿನಲ್ಲಿಯೇ ಹಿಂದಿರುಗಿಸಿಕೊಂಡರು. 1987ರಲ್ಲಿ ಪರಿಚಯವಾದ ಮಾರ್ಕ್ ಆಂಡ್ರೂ ಇವರ ಸಂಗಾತಿಯಾದರು.

ಬಿಷಪ್ ಪದವಿ

1988ರಿಂದ ಬಿಷಪ್ ಡಗ್ಲಸ್ ಥ್ಯೂನರ್ ಅವರ ಸಹಾಯಕರಾಗಿದ್ದ ರಾಬಿನ್ಸನ್ ಪ್ರಾಂತ್ಯದ ಸಭೆಗಳಿಗೆ ಚಿರಪರಿಚಿತರಾಗಿದ್ದರು. ಎಪಿಸ್ಕೋಪಲ್ ಚರ್ಚಿನಲ್ಲಿ ಬಿಷಪ್ಪರನ್ನು ಮೇಲಿನವರು ನೇಮಿಸುವುದಿಲ್ಲ. ಪ್ರಾಂತ್ಯದ ಪಾದ್ರಿಗಳೂ ಜನಸಾಮಾನ್ಯರ ಪ್ರತಿನಿಧಿಗಳೂ ಪ್ರತ್ಯೇಕವಾಗಿ ಮತ ಚಲಾಯಿಸಿ ಆರಿಸುತ್ತಾರೆ. 2003ರ ಜೂನ್ 7ರಂದು ಎರಡನೆಯ ಸುತ್ತಿನಲ್ಲಿ ಇವರು ಎರಡೂ ವರ್ಗಗಳ ಬಹುಮತ ಗಳಿಸಿದರು. ಆಗಸ್ಟ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ಸೇರಿದ ಮಹಾಸಭೆಯಲ್ಲಿ ಬಿಷಪ್ಪರ ಸದನವು 62-43 ಮತಗಳಿಂದ ಆಯ್ಕೆಯನ್ನು ಅನುಮೋದಿಸಿತು.

ನವೆಂಬರ್ 2ರಂದು ಡರ್ಹಮ್ ಪಟ್ಟಣದ ಕ್ರೀಡಾಂಗಣವೊಂದರಲ್ಲಿ ಅಭಿಷೇಕ ನಡೆಯಿತು. ಜೀವಬೆದರಿಕೆಗಳಿದ್ದುದರಿಂದ ರಾಬಿನ್ಸನ್ ಧಾರ್ಮಿಕ ಉಡುಪಿನೊಳಗೆ ಗುಂಡುನಿರೋಧಕ ಕವಚ ಧರಿಸಿದ್ದರು. ವಿಧಿಯ ನಡುವೆ ವಿರೋಧಿಗಳಿಗೂ ಮಾತನಾಡುವ ಅವಕಾಶ ನೀಡಿದ ಅಧ್ಯಕ್ಷ ಬಿಷಪ್ ಫ್ರಾಂಕ್ ಗ್ರಿಸ್ವೋಲ್ಡ್, ಆಕ್ಷೇಪಗಳನ್ನು ಆಲಿಸಿ ಕಾರ್ಯಕ್ರಮ ಮುಂದುವರಿಸಿದರು.

ವಿವಾದ

1998ರ ಲ್ಯಾಂಬೆತ್ ಸಮ್ಮೇಳನವು ಸಲಿಂಗ ಸಂಬಂಧ ಬೈಬಲಿಗೆ ಹೊಂದುವುದಿಲ್ಲವೆಂದು ನಿರ್ಣಯಿಸಿತ್ತು. ಆ ನಿರ್ಣಯವನ್ನು ಎತ್ತಿಹಿಡಿದವರು ಈ ಅಭಿಷೇಕವನ್ನು ಧರ್ಮಗ್ರಂಥದ ಉಲ್ಲಂಘನೆಯೆಂದು ಕಂಡರು. ಪ್ರಾಚೀನ ವಚನಗಳು ಇಂದಿನ ನಿಷ್ಠಾವಂತ, ಆಜೀವ ಸಂಬಂಧಗಳನ್ನು ಕುರಿತವಲ್ಲ ಎಂಬುದು ಬೆಂಬಲಿಗರ ವಾದ. ನೈಜೀರಿಯ, ಉಗಾಂಡ ಮೊದಲಾದ ಚರ್ಚುಗಳು ಎಪಿಸ್ಕೋಪಲ್ ಚರ್ಚಿನೊಂದಿಗಿನ ಸಂಬಂಧವನ್ನು ಮುರಿದುಕೊಂಡವು. 2004ರ ವಿಂಡ್ಸರ್ ವರದಿ ಇಂತಹ ಅಭಿಷೇಕಗಳನ್ನು ತಡೆಹಿಡಿಯಲು ಕೋರಿತು. 2008ರ ಲ್ಯಾಂಬೆತ್ ಸಮ್ಮೇಳನಕ್ಕೆ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಇವರನ್ನು ಆಹ್ವಾನಿಸಲಿಲ್ಲ. 2009ರಲ್ಲಿ ಭಿನ್ನಮತೀಯರು ಉತ್ತರ ಅಮೆರಿಕದ ಆಂಗ್ಲಿಕನ್ ಚರ್ಚನ್ನು ಸ್ಥಾಪಿಸಿದರು. 2010ರಲ್ಲಿ ಮೇರಿ ಗ್ಲಾಸ್‌ಪೂಲ್ ಲಾಸ್ ಏಂಜಲಿಸ್‌ನಲ್ಲಿ ಅಭಿಷಿಕ್ತರಾಗುವುದರೊಂದಿಗೆ ರಾಬಿನ್ಸನ್ ಇಂತಹ ಏಕೈಕ ಬಿಷಪ್ ಆಗಿ ಉಳಿಯಲಿಲ್ಲ.

ನಂತರದ ಜೀವನ

ಮದ್ಯವ್ಯಸನಕ್ಕೆ 2006ರಲ್ಲಿ ಚಿಕಿತ್ಸೆ ಪಡೆದ ವಿಷಯವನ್ನು ರಾಬಿನ್ಸನ್ ಸ್ವತಃ ಪ್ರಾಂತ್ಯಕ್ಕೆ ತಿಳಿಸಿದರು. 2009ರ ಜನವರಿಯಲ್ಲಿ ಬರಾಕ್ ಒಬಾಮರ ಪದಗ್ರಹಣಕ್ಕೆ ಮುನ್ನ ಲಿಂಕನ್ ಸ್ಮಾರಕದಲ್ಲಿ ಪ್ರಾರ್ಥನೆ ಸಲ್ಲಿಸಿದರು. ವರ್ಷಗಳ ವಿವಾದ ಮತ್ತು ಬೆದರಿಕೆಗಳು ತಮ್ಮನ್ನೂ ಕುಟುಂಬವನ್ನೂ ದಣಿಸಿವೆ ಎಂದು ತಿಳಿಸಿ 2010ರಲ್ಲಿ ನಿವೃತ್ತಿ ಪ್ರಕಟಿಸಿದರು. 2013ರಲ್ಲಿ ಪದವಿ ತೊರೆದರು. ಆಂಡ್ರೂ ಅವರೊಂದಿಗಿನ ವಿವಾಹವು ಅಂತ್ಯಗೊಳ್ಳುತ್ತಿರುವುದನ್ನು 2014ರಲ್ಲಿ ತಾವೇ ಬಹಿರಂಗಪಡಿಸಿದರು. 1998ರಲ್ಲಿ ಹತ್ಯೆಗೀಡಾದ ಸಲಿಂಗಿ ವಿದ್ಯಾರ್ಥಿ ಮ್ಯಾಥ್ಯೂ ಶೆಪರ್ಡ್ ಅವರ ಚಿತಾಭಸ್ಮವನ್ನು 2018ರ ಅಕ್ಟೋಬರ್ 26ರಂದು ವಾಷಿಂಗ್ಟನ್ ರಾಷ್ಟ್ರೀಯ ಕ್ಯಾಥೆಡ್ರಲ್‌ನಲ್ಲಿ ಇರಿಸಿದಾಗ ಆ ಆರಾಧನೆಯನ್ನು ನಡೆಸಿಕೊಟ್ಟವರಲ್ಲಿ ಇವರೂ ಒಬ್ಬರು.

ಕರ್ನಾಟಕದ ಸಂದರ್ಭ

1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯೂ (ಸಿ.ಎಸ್.ಐ.) ಆಂಗ್ಲಿಕನ್ ಒಕ್ಕೂಟದ ಸದಸ್ಯ. ಅದರ ಕರ್ನಾಟಕ ಉತ್ತರ ಧರ್ಮಪ್ರಾಂತ್ಯದ ಕೇಂದ್ರ ಧಾರವಾಡ. ಇಲ್ಲಿ ಬಾಸೆಲ್ ಮಿಶನ್ 1837ರಲ್ಲಿ ಕಾರ್ಯಾರಂಭ ಮಾಡಿತ್ತು. ಹೀಗಾಗಿ ಈ ಭಾಗದ ಸಿ.ಎಸ್.ಐ. ಸಭೆಗಳೂ ಈ ಚರ್ಚೆ ನಡೆದ ಒಕ್ಕೂಟಕ್ಕೆ ಸೇರಿವೆ. ಭಾರತದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ತೀರ್ಪು ದಂಡಸಂಹಿತೆಗೆ ಸಂಬಂಧಿಸಿದ್ದು. ದೀಕ್ಷೆ ಹಾಗೂ ಚರ್ಚಿನ ವಿವಾಹದ ನಿಯಮಗಳು ಆಯಾ ಚರ್ಚಿನ ತೀರ್ಮಾನಕ್ಕೆ ಬಿಟ್ಟವು.