ಸೂಕ್ಷ್ಮಪೋಷಕಾಂಶಗಳು ಮತ್ತು ಅಂತರ್ಜಾಲ ಹುಡುಕಾಟದ ಪ್ರವೃತ್ತಿಗಳು

ದೇಹಕ್ಕೆ ಅಲ್ಪ ಪ್ರಮಾಣದಲ್ಲಿ ಅಗತ್ಯವಾದ ವಿಟಮಿನ್‌ಗಳು ಹಾಗೂ ಕಬ್ಬಿಣ, ಸತು, ಅಯೋಡಿನ್ ಮೊದಲಾದ ಖನಿಜಗಳನ್ನು ಸೂಕ್ಷ್ಮಪೋಷಕಾಂಶಗಳು ಎನ್ನುತ್ತಾರೆ. ಇವುಗಳ ಬಗ್ಗೆ ಜನರು ಅಂತರ್ಜಾಲದಲ್ಲಿ ಯಾವಾಗ, ಎಲ್ಲಿ ಹೆಚ್ಚಾಗಿ ಹುಡುಕುತ್ತಾರೆ ಎಂಬುದನ್ನು ಗಮನಿಸಿ ಸಾರ್ವಜನಿಕ ಆಸಕ್ತಿಯನ್ನು ಅಂದಾಜು ಮಾಡುವ ವಿಧಾನ ಸಾರ್ವಜನಿಕ ಆರೋಗ್ಯ ಸಂಶೋಧನೆಯಲ್ಲಿ ಬಳಕೆಯಲ್ಲಿದೆ. ಈ ವಿಧಾನವು ಅಳೆಯುವುದು ಆಸಕ್ತಿಯನ್ನೇ ಹೊರತು ಪೋಷಕಾಂಶದ ಕೊರತೆಯನ್ನಲ್ಲ.

ದತ್ತಾಂಶದ ಸ್ವರೂಪ

ಇಂತಹ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು 2006ರಲ್ಲಿ ಆರಂಭವಾದ ಗೂಗಲ್ ಟ್ರೆಂಡ್ಸ್. ಇದರಲ್ಲಿ 2004ರಿಂದ ಈಚಿನ ದತ್ತಾಂಶ ಲಭ್ಯವಿದೆ. ಇದು ಹುಡುಕಾಟಗಳ ನೇರ ಸಂಖ್ಯೆಯನ್ನು ನೀಡುವುದಿಲ್ಲ. ಆಯ್ದ ಪ್ರದೇಶದ ಒಟ್ಟು ಹುಡುಕಾಟಗಳಲ್ಲಿ ಒಂದು ಪದದ ಪಾಲನ್ನು ಲೆಕ್ಕಹಾಕಿ, ಆಯ್ದ ಅವಧಿಯಲ್ಲಿ ಆ ಪಾಲು ಅತ್ಯಧಿಕವಾಗಿದ್ದ ಘಟ್ಟಕ್ಕೆ 100 ಎಂಬ ಅಂಕ ಕೊಟ್ಟು ಉಳಿದವನ್ನು ಅದಕ್ಕೆ ಹೋಲಿಸಿ ತೋರಿಸುತ್ತದೆ. ಹೀಗಾಗಿ 50 ಎಂದರೆ ಗರಿಷ್ಠ ಪಾಲಿನ ಅರ್ಧ ಎಂದಷ್ಟೇ ಅರ್ಥ. ಲೆಕ್ಕಕ್ಕೆ ಎಲ್ಲ ಹುಡುಕಾಟಗಳನ್ನಲ್ಲದೆ ಒಂದು ಮಾದರಿಯನ್ನು ಮಾತ್ರ ತೆಗೆದುಕೊಳ್ಳುವುದರಿಂದ ಬೇರೆ ಬೇರೆ ದಿನ ಪಡೆದ ಅಂಕಗಳಲ್ಲಿ ಸಣ್ಣ ವ್ಯತ್ಯಾಸ ಕಾಣಬಹುದು.

ಪದಗಳ ಆಯ್ಕೆಯೂ ಸುಲಭವಲ್ಲ. 'ಐರನ್' ಎಂದು ಹುಡುಕುವವರಿಗೆ ಬೇಕಾಗಿರುವುದು ಬಟ್ಟೆಯ ಇಸ್ತ್ರಿಪೆಟ್ಟಿಗೆಯೂ ಆಗಿರಬಹುದು. 'ಕಬ್ಬಿಣ', 'ಸತು' ಎಂಬ ಕನ್ನಡ ಪದಗಳು ಲೋಹಗಳನ್ನೂ ಸೂಚಿಸುತ್ತವೆ.

ವಿಟಮಿನ್ ಡಿ

ಹೆಚ್ಚು ಸ್ಪಷ್ಟವಾದ ಉದಾಹರಣೆ ವಿಟಮಿನ್ ಡಿ. ಬಿಸಿಲಿನಲ್ಲಿರುವ ನೇರಳಾತೀತ ಬಿ ಕಿರಣಗಳು ಚರ್ಮದ ಮೇಲೆ ಬಿದ್ದಾಗ ದೇಹದಲ್ಲಿ ಇದು ಉತ್ಪತ್ತಿಯಾಗುತ್ತದೆ. ಬ್ರಿಟನ್‌ನಂತಹ ಉತ್ತರದ ದೇಶಗಳಲ್ಲಿ ಚಳಿಗಾಲದಲ್ಲಿ ಈ ಕಿರಣಗಳು ಸಾಕಷ್ಟು ಸಿಗುವುದಿಲ್ಲ; ಚಳಿಗಾಲದ ಕೊನೆಗೆ ರಕ್ತದಲ್ಲಿನ ಪ್ರಮಾಣ ಇಳಿದಿರುತ್ತದೆ. ಅಲ್ಲಿ ಹುಡುಕಾಟವೂ ಚಳಿಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ಆದರೂ ಒಂದು ಮತ್ತೊಂದಕ್ಕೆ ಕಾರಣವೆಂದು ಇಷ್ಟರಿಂದಲೇ ಹೇಳಲಾಗದು. ಚಳಿಗಾಲದಲ್ಲಿ ಪ್ರಕಟವಾಗುವ ಆರೋಗ್ಯ ಸಲಹೆ ಮತ್ತು ಜಾಹೀರಾತುಗಳೂ ಜನರನ್ನು ಹುಡುಕಾಟಕ್ಕೆ ಪ್ರೇರೇಪಿಸುತ್ತವೆ. 2020ರ ಮಾರ್ಚ್‌ನಲ್ಲಿ ಕೋವಿಡ್-19 ಹರಡಿದಾಗ ವಿಟಮಿನ್ ಸಿ ಮತ್ತು ಸತುವಿನ ಬಗೆಗಿನ ಹುಡುಕಾಟ ದಿಢೀರನೆ ಏರಿತು; ಅದರ ಹಿಂದೆ ಇದ್ದದ್ದು ಕೊರತೆಯಲ್ಲ, ಭಯ.

ಮಿತಿಗಳು

ಹುಡುಕಾಟದಿಂದ ರೋಗವನ್ನೇ ಅಳೆಯಲು ಹೊರಟ ಗೂಗಲ್ ಫ್ಲೂ ಟ್ರೆಂಡ್ಸ್ (2008) 2012–13ರ ಚಳಿಗಾಲದಲ್ಲಿ ಜ್ವರದ ಪ್ರಮಾಣವನ್ನು ವಾಸ್ತವಕ್ಕಿಂತ ಬಹಳ ಹೆಚ್ಚಾಗಿ ಅಂದಾಜಿಸಿತು. 2015ರಲ್ಲಿ ಅದರ ಪ್ರಕಟಣೆ ನಿಂತಿತು.

ಪೋಷಕಾಂಶಗಳ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ಹೆಚ್ಚು ಗಂಭೀರವಾದುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು, ಕರ್ನಾಟಕದಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣಾಂಶದ ಕೊರತೆ ಇದರ ಒಂದು ಮುಖ್ಯ ಕಾರಣ. ಸ್ವಂತ ಮೊಬೈಲ್ ಇಲ್ಲದ, ಸುಸ್ತನ್ನು ಕಾಯಿಲೆಯೆಂದು ಎಣಿಸದ ಮಹಿಳೆ ಹುಡುಕಾಟದ ದತ್ತಾಂಶದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಕನ್ನಡದಲ್ಲಿ ಹುಡುಕುವವರು ಕಡಿಮೆಯಿದ್ದಾಗ ಗೂಗಲ್ ಟ್ರೆಂಡ್ಸ್ 0 ಎಂದು ತೋರಿಸಬಹುದು. ಯಾರೂ ಹುಡುಕಿಲ್ಲ ಎಂದು ಅದರ ಅರ್ಥವಲ್ಲ. ಹುಡುಕಾಟಗಳು ಲೆಕ್ಕಕ್ಕೆ ಸಿಗುವಷ್ಟು ಇರಲಿಲ್ಲ ಎಂದಷ್ಟೇ.