ಅವಳಿ ಗರ್ಭ ಮತ್ತು ರಕ್ತದೊತ್ತಡ

ಸಂತಾನಕ್ಕಾಗಿ ಚಿಕಿತ್ಸೆ ಪಡೆದು, ಅವಳಿ ಗರ್ಭ ಧರಿಸಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತವರಿಗೆ ಬರುವ ಹೆಣ್ಣುಮಕ್ಕಳನ್ನು ನಾವು ಕಾಣುತ್ತಿದ್ದೇವೆ. ಚಿಕಿತ್ಸೆಯ ವಿಷಯವನ್ನು ಮನೆಯವರು ಮುಚ್ಚಿಡುವುದುಂಟು. ನೆರೆಹೊರೆಗೆ ತಿಳಿಯದಿರಲಿ, ವೈದ್ಯರಿಗೆ ತಿಳಿಯಲೇಬೇಕು. ರಕ್ತದೊತ್ತಡದ ತೊಡಕು ಅವಳಿ ಗರ್ಭದಲ್ಲಿ ಎರಡು ಮೂರು ಪಟ್ಟು ಹೆಚ್ಚು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ, ಅದರಲ್ಲಿಯೂ ದಾನಿಯ ಅಂಡಾಣು ಬಳಸಿದಲ್ಲಿ, ಅಪಾಯ ಇನ್ನೂ ಏರುತ್ತದೆ. ಮೊದಲೇ ತಿಳಿದರೆ ಪ್ರಸೂತಿ ತಜ್ಞರು 12ನೆಯ ವಾರದಿಂದ ಅಲ್ಪ ಪ್ರಮಾಣದ ಆಸ್ಪಿರಿನ್ ಕೊಡಬಲ್ಲರು. 16 ವಾರ ಕಳೆದ ಮೇಲೆ ಅದರ ಫಲ ಕಡಿಮೆ.

ಅವಳಿಯಾದುದರಿಂದ ಕಾಲು ಊದುವುದು ಸಹಜವೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಆದರೆ 20 ವಾರಗಳ ಬಳಿಕ ಒತ್ತಡ 140/90 ಮುಟ್ಟಿದಲ್ಲಿ, ಅಥವಾ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆಯ ನೋವು, ಮುಖದ ಊತ ಕಂಡಲ್ಲಿ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಫಿಟ್ಸ್ ಬಂದ ಮೇಲೆ ಬೆಳ್ತಂಗಡಿಯಿಂದ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯ ದಾರಿ ಬಲು ದೂರ.

ನಮ್ಮ ಪದ್ಧತಿಯ ಬಗೆಗೂ ಒಂದು ಮಾತು. ಗರ್ಭಿಣಿಯರ ಮಾಸಾನುಮಾಸಿಕ ಯೋಗಗಳಲ್ಲಿ ಜ್ಯೇಷ್ಠಮಧು ಇದೆ. ಅದು ಒತ್ತಡವನ್ನು ಏರಿಸಬಲ್ಲದು. ಇಂತಹವರಿಗೆ ನಾವು ಅದನ್ನು ಕೊಡುವುದಿಲ್ಲ. ಒತ್ತಡ ಇಳಿಸಲೆಂದು ಗರ್ಭಿಣಿಗೆ ಸರ್ಪಗಂಧವನ್ನೂ ಕೊಡಕೂಡದು. ಹೆರಿಗೆಯೊಡನೆ ಭಯ ಕಳೆಯುವುದಿಲ್ಲ. ಬಾಣಂತಿಯ ಒತ್ತಡವನ್ನು ಆರು ವಾರಗಳವರೆಗೆ, ಮೊದಲ ಹತ್ತು ದಿನ ವಿಶೇಷವಾಗಿ, ಪರೀಕ್ಷಿಸುತ್ತಿರಬೇಕು.