ಬೈಬಲ್ ಕಥೆ ಪರದೆಯ ಮೇಲೆ: ಮಕ್ಕಳನ್ನು ಕೂರಿಸುವ ಮುನ್ನ

ಕ್ರಿಸ್‌ಮಸ್ ಬಂತು, ಗುಡ್ ಫ್ರೈಡೆ ಬಂತು ಎಂದರೆ ಮನೆಯ ಟಿ.ವಿ.ಯಲ್ಲಿ, ಈಗೀಗ ಕೈಯಲ್ಲಿನ ಫೋನಿನಲ್ಲೂ ಬೈಬಲ್ ಕಥೆಯ ಚಿತ್ರಗಳು ಸಾಲುಗಟ್ಟುತ್ತವೆ. "ದೇವರ ಸಿನಿಮಾ ತಾನೇ, ನೋಡ್ಲಿ ಬಿಡು" ಅಂತ ಮಕ್ಕಳನ್ನು ಅದರ ಮುಂದೆ ಕೂರಿಸಿ ನಾವು ಅಡುಗೆಮನೆ ಸೇರುವುದುಂಟು. ಆದರೆ ಸೋದರಿಯರೇ, ದೇವರ ಸಿನಿಮಾದಲ್ಲಿ ಇರುವುದೆಲ್ಲ ಗ್ರಂಥದಲ್ಲಿದೆ ಎಂದೇನೂ ಅಲ್ಲ. ಗ್ರಂಥದಲ್ಲಿ ಇರುವುದೆಲ್ಲ ಎಳೆಯ ಕಣ್ಣಿಗೆ ತಕ್ಕದ್ದು ಎಂದೂ ಅಲ್ಲ. ಇವು ಎರಡು ಬೇರೆ ಪ್ರಶ್ನೆಗಳು.

ಮೂಲಕ್ಕೆ ಎಷ್ಟು ನಿಷ್ಠೆ?

ಬೈಬಲ್ ಅನೇಕ ಕಡೆ ಮಿತಭಾಷಿ. ಮೋಶೆ ಅರಮನೆಯಲ್ಲಿ ಬೆಳೆದ ಕಾಲವನ್ನು ವಿಮೋಚನಕಾಂಡ ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುತ್ತದೆ. ಸಿನಿಮಾದವರು ಸುಮ್ಮನಿರುತ್ತಾರೆಯೇ? ಸೆಸಿಲ್ ಬಿ. ಡಿಮಿಲ್ ಅವರ 'ದಿ ಟೆನ್ ಕಮಾಂಡ್‌ಮೆಂಟ್ಸ್' (1956) ಮೂರೂವರೆ ಗಂಟೆಗೂ ಹೆಚ್ಚು ಓಡುತ್ತದೆ. ಅದರಲ್ಲಿ ರಾಜಕುಮಾರಿ ನೆಫ್ರೆತಿರಿಗೂ ಮೋಶೆಗೂ ಪ್ರೇಮ. ಗ್ರಂಥದಲ್ಲಿ ಆಕೆಯ ಸುಳಿವೇ ಇಲ್ಲ.

ಕಾರ್ಟೂನ್ ಚಿತ್ರ 'ದಿ ಪ್ರಿನ್ಸ್ ಆಫ್ ಈಜಿಪ್ಟ್' (1998) ನೋಡಿ. ನದಿಯ ಬುಟ್ಟಿಯಿಂದ ಮಗುವನ್ನು ಎತ್ತಿಕೊಳ್ಳುವವಳು ಅಲ್ಲಿ ರಾಣಿ, ಗ್ರಂಥದಲ್ಲಿ ಫರೋಹನ ಮಗಳು. ಮೋಶೆ, ರಾಮ್ಸೆಸ್ ಇಬ್ಬರೂ ಅಣ್ಣತಮ್ಮಂದಿರಂತೆ ಆಡಿ ಬೆಳೆದದ್ದೂ ಕಲ್ಪನೆಯೇ. ನಮ್ಮ ಬೀದಿಯ ಹುಡುಗನೊಬ್ಬ ಪರೀಕ್ಷೆಯಲ್ಲಿ "ಮೋಶೆ ಫರೋಹನ ತಮ್ಮ" ಅಂತಲೇ ಬರೆದು ಬಂದ! ಆದರೆ ಕಥೆಯಲ್ಲಿ ಸ್ವಾತಂತ್ರ್ಯ ವಹಿಸಿದ್ದೇವೆ, ಮೂಲ ವಿಮೋಚನಕಾಂಡದಲ್ಲಿದೆ ಎಂದು ಆ ಚಿತ್ರ ಮೊದಲಿಗೇ ಹೇಳಿಬಿಡುತ್ತದೆ. ಅದು ಮೆಚ್ಚತಕ್ಕದ್ದು.

ಖಾಲಿ ಜಾಗ ತುಂಬುವುದು ಬೇರೆ, ಕಥೆಯನ್ನೇ ತಿರುಗಿಸುವುದು ಬೇರೆ. ಆದಿಕಾಂಡದಲ್ಲಿ ನೋಹನ ಮೂವರು ಮಕ್ಕಳೂ ತಮ್ಮ ಹೆಂಡತಿಯರೊಂದಿಗೆ ನಾವೆ ಹತ್ತುತ್ತಾರೆ. 2014ರ 'ನೋವಾ' ಚಿತ್ರದಲ್ಲಿ ಹಿರಿಯನಿಗೆ ಮಾತ್ರ ಜೊತೆಗಾತಿ. ನೋಹ ಹಸುಗೂಸು ಮೊಮ್ಮಕ್ಕಳ ಮೇಲೇ ಕತ್ತಿ ಎತ್ತುತ್ತಾನೆ! ಮಗು "ತಾತ ಹೀಗೆ ಮಾಡಿದ್ನಾ?" ಎಂದು ಕೇಳಿದರೆ ಏನು ಹೇಳುತ್ತೀರಿ?

ಇದಕ್ಕೆ ಹೋಲಿಸಿದರೆ 1979ರ 'ಜೀಸಸ್' ಚಿತ್ರ ಬಹುಪಾಲು ಲೂಕನ ಸುವಾರ್ತೆಯನ್ನೇ ಹಿಡಿದು ಸಾಗುತ್ತದೆ. ಅದು ಕನ್ನಡದಲ್ಲೂ ಉಂಟು.

ಯಾರಿಗೆ ತಕ್ಕದ್ದು?

ನಿಷ್ಠೆಯಿದ್ದರೆ ಸಾಲದು. ಯೇಸುವನ್ನು ಕೊರಡೆಯಿಂದ ಹೊಡೆದದ್ದನ್ನು ಯೋಹಾನನ ಸುವಾರ್ತೆ ಒಂದೇ ವಾಕ್ಯದಲ್ಲಿ ಹೇಳುತ್ತದೆ. ಮೆಲ್ ಗಿಬ್ಸನ್ ಅವರ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' (2004) ಅದನ್ನೇ ನಿಮಿಷಗಟ್ಟಲೆ, ರಕ್ತ ಚಿಮ್ಮುವಂತೆ ತೋರಿಸುತ್ತದೆ. ದೊಡ್ಡವರಿಗೇ ಕಣ್ಣು ಮುಚ್ಚಿಕೊಳ್ಳುವಂತಾಗುತ್ತದೆ. ಭಕ್ತಿಯ ಚಿತ್ರವೇ ಇರಬಹುದು, ಆದರೆ ಮಕ್ಕಳ ಚಿತ್ರವಲ್ಲ. ನಮ್ಮ 'ಭಕ್ತ ಪ್ರಹ್ಲಾದ'ದಲ್ಲಿ (1983) ಕಂಬ ಒಡೆದು ನರಸಿಂಹ ಬಂದಾಗ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಮಕ್ಕಳೆಷ್ಟೋ! ಭಯಕ್ಕೆ ಜಾತಿ ಮತ ಇಲ್ಲ.

ಹೀಗೆ ಮಾಡಿ ನೋಡಿ

1. ಚಿತ್ರಕ್ಕೆ ಮೊದಲು ಮೂಲ ಓದಿ. ನೋಹನ ಕಥೆ ಆದಿಕಾಂಡದ 6ರಿಂದ 9ನೇ ಅಧ್ಯಾಯದವರೆಗೆ, ನಾಲ್ಕೇ ಅಧ್ಯಾಯ. ಅಕ್ಕಿ ಬೇಯುವಷ್ಟರಲ್ಲಿ ಮುಗಿಯುತ್ತದೆ.

2. ಪ್ರಮಾಣಪತ್ರ ಗಮನಿಸಿ. 2024ರ ನಿಯಮಗಳಂತೆ 'ಯುಎ' ಚಿತ್ರಗಳಿಗೆ 7, 13, 16 ಎಂದು ವಯಸ್ಸನ್ನು ನಮೂದಿಸುತ್ತಾರೆ.

3. ಮೊದಲು ನೀವೊಬ್ಬರೇ ನೋಡಿ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಕೊರಡೆ, ಶಿಲುಬೆ, ಚೊಚ್ಚಲ ಮಕ್ಕಳ ಸಾವು, ಈ ಭಾಗಗಳನ್ನಾದರೂ ನೋಡಿಕೊಳ್ಳಿ.

4. ಮುಗಿದ ಮೇಲೆ ಮಕ್ಕಳಿಗೇ ಆಟ ಕೊಡಿ: "ಗ್ರಂಥದಲ್ಲಿ ಇಲ್ಲದ್ದು ಏನೇನು ಬಂತು?" ಹುಟ್ಟಿದ ರಾತ್ರಿಯೇ ಮೂವರು ಜೋಯಿಸರು ಕೊಟ್ಟಿಗೆಗೆ ಬರುವುದನ್ನು ಎಷ್ಟು ಚಿತ್ರಗಳಲ್ಲಿ ನೋಡಿಲ್ಲ? ಮತ್ತಾಯನು ಮೂವರು ಎಂದಿಲ್ಲ. ಅವರು ಬಂದದ್ದು ಮನೆಗೆ ಎನ್ನುತ್ತಾನೆ. ಹುಡುಕಿ ತೆಗೆದ ಮಗುವಿಗೆ ಒಂದು ಕಲ್ಕಲ್ ಹೆಚ್ಚು!

ಸಿನಿಮಾ ನೋಡಬೇಡಿ ಎನ್ನುತ್ತಿಲ್ಲ. ಮಕ್ಕಳ ಮನಸ್ಸಿನಲ್ಲಿ ಓದಿದ್ದಕ್ಕಿಂತ ಕಂಡದ್ದು ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಏನು ಕಾಣಿಸಬೇಕು, ಯಾವ ವಯಸ್ಸಿಗೆ ಎಂಬುದನ್ನು ಚಾನೆಲ್‌ನವರಿಗೆ ಬಿಡದೆ ನಾವೇ ತೀರ್ಮಾನಿಸೋಣ.